ಕುಸ್ತಿಯ ದೃಶ್ಯಕ್ಕೆ ಒಡೆಯರು ಯಾರು?

ಸುರಪುರದ ವೇಣುಗೋಪಾಲಸ್ವಾಮಿಯ ಜಾತ್ರೆಯಲ್ಲಾಗಲಿ, ಶಹಾಪುರ ಸೀಮೆಯ ಉರುಸುಗಳಲ್ಲಾಗಲಿ, ಯಾದಗಿರಿಯ ಸುತ್ತಲಿನ ಹಳ್ಳಿಗಳ ತೇರಿನ ಸಂಭ್ರಮದಲ್ಲಾಗಲಿ ಕುಸ್ತಿಯ ಕಣವನ್ನು ಒಮ್ಮೆ ಸುತ್ತುವರಿದು ನಿಂತವರಿಗೆ ಅದರ ಕ್ರಮವು ಬಾಯಿಪಾಠವಾಗಿರುತ್ತದೆ. ಅಗೆದು, ಕಲ್ಲು ಆಯ್ದು, ಹದಗೊಳಿಸಿದ ಮಣ್ಣು; ಸುತ್ತಲೂ ನೆಲದ ಮೇಲೆ ಕೂತ ಜನ, ಅವರ ಹಿಂದೆ ನಿಂತವರು, ಅವರ ಹಿಂದೆ ಟ್ರ್ಯಾಕ್ಟರುಗಳನ್ನೇರಿದವರು; ನಿಲ್ಲದ ಹಲಗೆಯ ಬಡಿತ; ಮೊದಲಿಗೆ ತೆಂಗಿನಕಾಯಿಯ ಪಣಕ್ಕೆ ಇಳಿಯುವ ಹುಡುಗರು, ಅನಂತರ ಮೊತ್ತವು ಏರಿದಂತೆಲ್ಲ ತೂಕವೂ ಏರುವ ಜೋಡಿಗಳು, ಕಟ್ಟಕಡೆಗೆ, ಬೆಳಕು ಮಾಸುವ ಹೊತ್ತಿಗೆ, ಬೆಳ್ಳಿಯ ಕಡಗಕ್ಕಾಗಿ ಎದುರಾಗುವ ಇಬ್ಬರು ಪೈಲ್ವಾನರು. ಕಡಗವನ್ನು ಕೊಡತಕ್ಕವರು ಊರಿನ ಹಿರಿಯರೋ ಜಾತ್ರೆಯ ಸಮಿತಿಯವರೋ ಆಗಿರುತ್ತಾರೆ. ನೋಡುವವರು ಕಾಸು ತೆರಬೇಕಾದುದಿಲ್ಲ. ಮೆಚ್ಚಿದವರು ಗೆದ್ದವನ ಕೈಗೆ ನೋಟು ತುರುಕುವುದುಂಟು. ತಲೆಮಾರುಗಳಿಂದ ನಡೆದುಬಂದ ಈ ದಾನ-ಮಾನಗಳ ವ್ಯವಸ್ಥೆಯೊಳಕ್ಕೆ ಈಚಿನ ವರ್ಷಗಳಲ್ಲಿ ಹೊಸ ಪಾಲುಗಾರನೊಬ್ಬನು ಪ್ರವೇಶಿಸಿದ್ದಾನೆ. ಕಣದ ಅಂಚಿನಲ್ಲಿ ಮೊಬೈಲನ್ನೆತ್ತಿ ಹಿಡಿದು, ಪಟ್ಟುಗಳನ್ನೆಲ್ಲ ಆ ಕ್ಷಣದಲ್ಲಿಯೇ ಯೂಟ್ಯೂಬ್‌ಗೆ ಏರಿಸುವ ತರುಣನು ಅವನು.

ಅವನನ್ನು ಯಾರೂ ತಡೆಯುವುದಿಲ್ಲ. ತಡೆಯಬೇಕೆಂದು ನಾನೂ ಹೇಳುವವನಲ್ಲ. ದುಡಿಮೆಗಾಗಿ ಬೆಂಗಳೂರಿಗೋ ಪುಣೆಗೋ ಹೋದ ಮಕ್ಕಳು ಊರ ಕುಸ್ತಿಯನ್ನು ಅಲ್ಲಿಂದಲೇ ನೋಡಿ ಹಿಗ್ಗುವಂತಾದುದು ಅವನಿಂದ. ಆದರೆ ಅವನು ಕಳುಹಿಸುವ ದೃಶ್ಯವು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ನಮ್ಮ ಸಮಿತಿಗಳೂ ಗರಡಿಗಳೂ ಇನ್ನೂ ಕೇಳಿಕೊಂಡಂತಿಲ್ಲ. ಜಗತ್ತಿನ ಇನ್ನೊಂದು ತುದಿಯಲ್ಲಿ ಕುಸ್ತಿಯ ವ್ಯಾಪಾರವೆಲ್ಲವೂ ನಿಂತಿರುವುದು ಈ ಒಂದೇ ಪ್ರಶ್ನೆಯ ಮೇಲೆ. 2024ರ ಜನವರಿಯಲ್ಲಿ ಅಮೆರಿಕದ ಡಬ್ಲ್ಯುಡಬ್ಲ್ಯುಇ ಸಂಸ್ಥೆಯು ‘ರಾ’ ಎಂಬ ತನ್ನ ವಾರದ ಕಾರ್ಯಕ್ರಮವನ್ನು ಪ್ರಸಾರಮಾಡುವ ಹಕ್ಕನ್ನು ಹತ್ತು ವರ್ಷಗಳ ಅವಧಿಗೆ ನೆಟ್‌ಫ್ಲಿಕ್ಸ್‌ಗೆ ಕೊಟ್ಟು, 500 ಕೋಟಿ ಡಾಲರುಗಳಷ್ಟು, ಎಂದರೆ ಅಂದಿನ ಲೆಕ್ಕದಲ್ಲಿ ಸುಮಾರು 41,000 ಕೋಟಿ ರೂಪಾಯಿಗಳಷ್ಟು, ಪ್ರತಿಫಲಕ್ಕೆ ಒಪ್ಪಂದ ಮಾಡಿಕೊಂಡಿತು. ಇಲ್ಲಿ ಮಾರಾಟವಾದುದು ಯಾವುದೂ ಇಲ್ಲವೆಂಬುದನ್ನು ಗಮನಿಸಬೇಕು: ಹೊಲವನ್ನು ತನ್ನ ಹೆಸರಿನಲ್ಲಿಯೇ ಇಟ್ಟುಕೊಂಡು ಕೆಲವು ವರ್ಷಗಳ ಮಟ್ಟಿಗೆ ಲಾವಣಿಗೆ ಕೊಡುವ ರೈತನಂತೆ, ಸಂಸ್ಥೆಯು ತೋರಿಸುವ ಅನುಮತಿಯನ್ನು ಮಾತ್ರ ಕೊಟ್ಟಿದೆ, ಅವಧಿ ಮುಗಿದರೆ ದೃಶ್ಯವು ಮರಳಿ ಅದರದೇ.

ಕುಸ್ತಿಗೆ ಈ ಬೆಲೆ ಬಂದ ಬಗೆಯನ್ನು ತಿಳಿಯಬೇಕಾದರೆ ನಮ್ಮವನೇ ಆದ ಗಾಮಾ ಪೈಲ್ವಾನನ ಎರಡು ಸೆಣಸಾಟಗಳನ್ನು ನೆನೆಯಬೇಕು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾನಿಗೆ ಎದುರಾದ ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊ ಎಂಬ ಮಲ್ಲನು ನೆಲಕ್ಕೆ ಅಂಟಿಕೊಂಡು ಎರಡೂವರೆ ಗಂಟೆಗೂ ಮಿಗಿಲಾಗಿ ಕಾಲ ತಳ್ಳಿ, ಕುಸ್ತಿಯನ್ನು ಸಮದಲ್ಲಿ ನಿಲ್ಲಿಸಿದನು. ಅವರಿಬ್ಬರೇ 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಕೂಡಿದಾಗ ಗಾಮಾ ಅವನನ್ನು ಒಂದು ನಿಮಿಷದೊಳಗೆ ಕೆಡವಿದನು. ನಿಜವಾದ ಕುಸ್ತಿಯ ಸ್ವಭಾವವೇ ಹೀಗೆ: ಅದು ಎಷ್ಟು ಹೊತ್ತು ನಡೆದೀತೆಂಬುದನ್ನು ಮಣ್ಣಿಗೆ ಇಳಿದವರೂ ಹೇಳಲಾರರು. ಜಾಹೀರಾತಿನ ಕ್ಷಣಗಳನ್ನು ಮುಂಚಿತವಾಗಿಯೇ ಮಾರಿ, ನಿಮಿಷ ನಿಮಿಷಕ್ಕೂ ಲೆಕ್ಕವಿಡಬೇಕಾದ ಪ್ರಸಾರಕನಿಗೆ ಇಂಥ ಸರಕು ಒಗ್ಗುವುದಿಲ್ಲ. ಆದರೆ ಅಮೆರಿಕದ ವೃತ್ತಿಪರ ಕುಸ್ತಿಯು, ದೂರದರ್ಶನ ಹುಟ್ಟುವುದಕ್ಕೆ ಮೊದಲೇ, ಸೋಲು-ಗೆಲುವುಗಳನ್ನು ಪೂರ್ವದಲ್ಲಿ ನಿಶ್ಚಯಿಸಿಕೊಂಡು ಆಡುವ ನಾಟಕವಾಗಿ ಮಾರ್ಪಟ್ಟಿತು. ದೂರದರ್ಶನ ಬಂದಾಗ ಆ ನಾಟಕವು ಅದಕ್ಕೆಂದೇ ಸಿದ್ಧವಾಗಿದ್ದಂತೆ ಹೊಂದಿಕೊಂಡಿತು. ಅದರಲ್ಲಿ ಬೀಳುವವನ ಎಲುಬು ನಿಜ, ನೋವು ನಿಜ, ಅಭ್ಯಾಸವೂ ನಿಜ. ಫಲಿತಾಂಶ ಮಾತ್ರ ಬರೆದುದು. 1989ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ ಇಂದಿನ ಡಬ್ಲ್ಯುಡಬ್ಲ್ಯುಇ ಸಂಸ್ಥೆಯೇ, ಕ್ರೀಡಾ ಮಂಡಳಿಯ ನಿಯಂತ್ರಣದಿಂದ ಹೊರಬರುವ ಉದ್ದೇಶದಿಂದ, ತನ್ನದು ಮನರಂಜನೆಯೆಂದು ಒಪ್ಪಿಕೊಂಡಿತು.

ಮೊದಮೊದಲು ಅಲ್ಲಿಯೂ ದೂರದರ್ಶನವು ಕುಸ್ತಿಯ ಸೇವಕನಾಗಿದ್ದಿತು. ಒಂದೊಂದು ಪ್ರಾಂತ್ಯಕ್ಕೆ ಒಬ್ಬೊಬ್ಬ ಯಜಮಾನನಿದ್ದು, ಊರ ಕೇಂದ್ರದಿಂದ ವಾರಕ್ಕೊಮ್ಮೆ ಸ್ವಲ್ಪ ಕುಸ್ತಿಯನ್ನು ತೋರಿಸಿ ಜನರನ್ನು ಟಿಕೆಟ್ಟು ಕೊಳ್ಳುವಂತೆ ಪ್ರೇರಿಸುತ್ತಿದ್ದನು, ಹಣವಿದ್ದುದು ಬಾಗಿಲಲ್ಲಿ. 1982ರಲ್ಲಿ ಮುಂದೆ ಡಬ್ಲ್ಯುಡಬ್ಲ್ಯುಇ ಆಗಲಿದ್ದ ಸಂಸ್ಥೆಯನ್ನು ತಂದೆಯಿಂದ ಕೊಂಡ ವಿನ್ಸ್ ಮೆಕ್‌ಮೆಹನ್ ಈ ಗಡಿಗಳನ್ನೆಲ್ಲ ದಾಟಿ, ಕೇಬಲ್ಲಿನ ಮೂಲಕ ಇಡೀ ದೇಶಕ್ಕೆ ಒಂದೇ ಕಣವನ್ನು ತೋರಿಸಿದನು; 1985ರ ಮಾರ್ಚ್ 31ರ ಮೊದಲ ‘ರೆಸಲ್‌ಮೇನಿಯಾ’ ಎಂಬ ಮಹಾಕೂಟವನ್ನು ನ್ಯೂಯಾರ್ಕಿನಲ್ಲಿ ನಡೆಸಿ ದೂರದೂರದ ಸಭಾಂಗಣಗಳ ಪರದೆಗಳಿಗೆ ತಂತಿಯಲ್ಲಿ ಹಾಯಿಸಿದನು. 1993ರ ಜನವರಿಯಲ್ಲಿ ‘ರಾ’ ಆರಂಭವಾಯಿತು; 2001ರಲ್ಲಿ ಪ್ರತಿಸ್ಪರ್ಧಿ ಡಬ್ಲ್ಯುಸಿಡಬ್ಲ್ಯು ಸಂಸ್ಥೆಯನ್ನು ಅದರ ಹಳೆಯ ದೃಶ್ಯಗಳ ಭಂಡಾರಸಮೇತ ಕೊಂಡುಕೊಂಡದ್ದಾಯಿತು; 2014ರಲ್ಲಿ ಆ ಭಂಡಾರವನ್ನೇ ಬಂಡವಾಳವಾಗಿಸಿಕೊಂಡು ತಿಂಗಳ ಚಂದಾದ ಸ್ವಂತ ಅಂತರ್ಜಾಲ ವಾಹಿನಿಯು ಹುಟ್ಟಿತು. ಬಾಗಿಲಿನ ಹಣವು ಈಗಲೂ ಉಂಟು, ಸಣ್ಣದೂ ಅಲ್ಲ. ಆದರೆ ಇಂದು ಸಭಾಂಗಣದಲ್ಲಿ ಕೂತ ಪ್ರೇಕ್ಷಕನು ಬಹುಮಟ್ಟಿಗೆ ಪ್ರಸಾರದ ಒಂದು ಅಂಗ. ಅವನ ಕೂಗಿಲ್ಲದೆ ಪರದೆಯ ಮೇಲಿನ ಕುಸ್ತಿಗೆ ಜೀವ ಬಾರದು.

ನೆಟ್‌ಫ್ಲಿಕ್ಸಿನಂಥವರು ಇದಕ್ಕೆ ಇಷ್ಟು ಹಣ ಸುರಿಯುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಚಲನಚಿತ್ರವನ್ನು ಜನ ಒಮ್ಮೆ ನೋಡಿ ಚಂದಾ ನಿಲ್ಲಿಸಬಹುದು. ವರ್ಷದ ಐವತ್ತೆರಡು ವಾರಗಳೂ ವಿರಾಮವಿಲ್ಲದೆ ನಡೆಯುವ ಕಥೆಗೆ ಕಟ್ಟುಬಿದ್ದವನು ನಿಲ್ಲಿಸಲಾರನು. ಕ್ರಿಕೆಟ್ಟಿಗೂ ಕಬಡ್ಡಿಗೂ ಋತುಗಳುಂಟು, ಇದಕ್ಕಿಲ್ಲ.

ನಮ್ಮ ಸೀಮೆಗೆ ಈ ಕುಸ್ತಿಯು ಬಂದುದು ಆಕಾಶಮಾರ್ಗವಾಗಿ. 1991ರಲ್ಲಿ ಆರಂಭವಾದ ಸ್ಟಾರ್ ಸಮೂಹದ ಪ್ರೈಮ್ ಸ್ಪೋರ್ಟ್ಸ್ ವಾಹಿನಿಯನ್ನು ಕೇಬಲ್ಲಿನವರು ಮನೆಮನೆಗೆ ಹಂಚಿದಾಗ, ತೆಂಗಿನಕಾಯಿಯ ಕುಸ್ತಿ ಕಂಡಿದ್ದ ಮಕ್ಕಳ ಕಣ್ಣಿಗೆ ಕರಿಯ ನಿಲುವಂಗಿಯ ಅಂಡರ್‌ಟೇಕರ್ ಬಿದ್ದನು. ಕುಸ್ತಿಪಟುಗಳ ಎತ್ತರ-ತೂಕಗಳನ್ನು ಅಚ್ಚುಹಾಕಿದ ಇಸ್ಪೀಟಿನಂಥ ಎಲೆಗಳು ಶಾಲೆಯ ಚೀಲಗಳನ್ನು ಸೇರಿದುವು. 2002ರಲ್ಲಿ ಹುಟ್ಟಿದ ಟೆನ್ ಸ್ಪೋರ್ಟ್ಸ್ ಅದನ್ನು ಮುಂದುವರಿಸಿತು. ಜೀ ಸಮೂಹದ ಕೈಯಿಂದ ಆ ವಾಹಿನಿಗಳನ್ನು ಸೋನಿ ಕೊಂಡಿತು. 2021ರಲ್ಲಿ ಸೋನಿಯು ತಮಿಳು-ತೆಲುಗುಗಳಿಗಾಗಿ ಟೆನ್ 4 ಎಂಬ ಕ್ರೀಡಾವಾಹಿನಿಯನ್ನು ತೆರೆದಾಗ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆಯಲಿಲ್ಲ. ಕನ್ನಡ, ದಖ್ಖನಿ, ತೆಲುಗು ಮೂರೂ ಬೀದಿಯಲ್ಲಿ ಕಲೆಯುವ ಯಾದಗಿರಿಯಂಥ ಪಟ್ಟಣದಲ್ಲಿ ಹಿಂದಿಯ ವೀಕ್ಷಕವಿವರಣೆ ಅರ್ಥವಾಗದೆ ಇರುವುದಿಲ್ಲ ನಿಜ. ಆದರೂ ಪಟ್ಟುಗಳಿಗೆ ಇಷ್ಟು ಸಮೃದ್ಧವಾದ ಮಾತುಳ್ಳ ಭಾಷೆಯೊಂದು ಪರದೆಯ ಹೊರಗೆ ನಿಂತುದು ನನಗೆ ಸಣ್ಣ ನಷ್ಟವೆಂದು ತೋರುವುದಿಲ್ಲ. 2023ರ ಸೆಪ್ಟೆಂಬರ್ 8ರಂದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ, ನಮ್ಮ ಜನ ಆಸ್ಪತ್ರೆಗೂ ವ್ಯಾಪಾರಕ್ಕೂ ಹೋಗಿಬರುವ ಆ ನಗರದಲ್ಲಿಯೇ, ಡಬ್ಲ್ಯುಡಬ್ಲ್ಯುಇಯ ತಾರೆ ಜಾನ್ ಸೀನಾ ಕಣಕ್ಕಿಳಿದನು. 2025ರ ಏಪ್ರಿಲ್‌ನಿಂದ ಭಾರತದಲ್ಲಿಯೂ ಈ ಪ್ರಸಾರವೆಲ್ಲ ನೆಟ್‌ಫ್ಲಿಕ್ಸಿಗೆ ಹೋಯಿತು. ಕೇಬಲ್ಲಿನ ತಿಂಗಳ ಬಾಡಿಗೆಯೊಳಗೇ ಸಿಗುತ್ತಿದ್ದುದಕ್ಕೆ ಈಗ ಬೇರೆ ಚಂದಾ ತೆರಬೇಕು. ತೆರಲಾರದ ಹುಡುಗನು ಸಂಸ್ಥೆಯೇ ಯೂಟ್ಯೂಬಿನಲ್ಲಿ ಬಿಡುವ ತುಣುಕುಗಳಿಂದ ತೃಪ್ತಿಪಡಬೇಕು. ಆ ತುಣುಕುಗಳೂ ದಾನವಲ್ಲ: ಹತ್ತು ಕೋಟಿಗೂ ಮಿಗಿಲಾದ ಚಂದಾದಾರರಿರುವ ಆ ಖಾತೆಯು ನಾಳಿನ ಗಿರಾಕಿಯನ್ನು ಇಂದೇ ಬೆಳೆಸುವ ಪಾತಿ.

ಒಡೆತನದ ಕಟ್ಟುನಿಟ್ಟು ಅಲ್ಲಿ ಯಾವ ಮಟ್ಟದ್ದೆಂದರೆ, ಕಣದಲ್ಲಿ ಹೊತ್ತ ಹೆಸರೂ ಸಾಮಾನ್ಯವಾಗಿ ಸಂಸ್ಥೆಯ ಮುದ್ರೆಗೆ ಸೇರಿದ್ದು. ಕೋಡಿ ರೋಡ್ಸ್ ಎಂಬ ಪ್ರಖ್ಯಾತ ಮಲ್ಲನು ಸಂಸ್ಥೆಯನ್ನು ಬಿಟ್ಟು ಬೇರೆಡೆಗೆ ಹೋದಾಗ, ತಂದೆ ಡಸ್ಟಿ ರೋಡ್ಸ್ ಕಣದಲ್ಲಿ ಬೆಳಗಿಸಿದ್ದ ಉಪನಾಮವನ್ನು ಬಳಸಲಾಗದೆ, ಹಕ್ಕನ್ನು ಮರಳಿ ಪಡೆಯುವವರೆಗೆ ಬರಿಯ ಕೋಡಿಯಾಗಿಯೇ ಹೋರಾಡಬೇಕಾಯಿತು. ಮಲ್ಲರನ್ನು ನೌಕರರೆಂದು ಎಣಿಸದೆ ಸ್ವತಂತ್ರ ಗುತ್ತಿಗೆದಾರರೆಂದು ಎಣಿಸುವ ಪದ್ಧತಿಯೂ ಅಲ್ಲಿಯದೇ. ದೃಶ್ಯಕ್ಕೆ ಒಡೆಯನಿದ್ದರೆ ಸಾಲದು, ಆ ಒಡೆತನದಲ್ಲಿ ಮೈಯೊಡ್ಡಿದವನಿಗೆ ಪಾಲಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಭಾರತದಲ್ಲಿಯೂ ಪ್ರಯತ್ನಗಳು ನಡೆಯದೆ ಇಲ್ಲ. ದಾರಾಸಿಂಗ್ 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಮಲ್ಲ ಲೂ ಥೆಸ್ಜ್‌ನನ್ನು ಸೋಲಿಸಿದ ಕಾಲಕ್ಕೆ ಮುಂಬಯಿಯಲ್ಲಿ ದೂರದರ್ಶನವೇ ಇರಲಿಲ್ಲ. ಅವನನ್ನು ಮನೆಮಾತಾಗಿಸಿದುದು ಸಿನೆಮಾ. ಪುಣೆಯಲ್ಲಿ ಚಿತ್ರೀಕರಿಸಿದ ‘ರಿಂಗ್ ಕಾ ಕಿಂಗ್’ ಎಂಬ ಕುಸ್ತಿಯ ಸರಣಿಯು 2012ರಲ್ಲಿ ಕಲರ್ಸ್ ವಾಹಿನಿಯಲ್ಲಿ ಕೆಲವು ತಿಂಗಳು ನಡೆದು ನಿಂತಿತು. 2015ರ ಡಿಸೆಂಬರಿನಲ್ಲಿ ಆರಂಭವಾದ ಪ್ರೊ ರೆಸ್ಲಿಂಗ್ ಲೀಗಿನಲ್ಲಿ ಬೆಂಗಳೂರು ಯೋಧಾಸ್ ಎಂಬ ತಂಡವಿದ್ದಿತು. ಎರಡನೆಯ ಆವೃತ್ತಿಗೆ ಕರ್ನಾಟಕದ ಹೆಸರೇ ಮಾಯವಾಯಿತು. ಅದು ಚಾಪೆಯ ಮೇಲಿನ, ಆರು ನಿಮಿಷಗಳ, ಅಂಕಗಳ ಕುಸ್ತಿ. ನಿಜವಾದುದು, ಅಳತೆಗೆ ಸಿಕ್ಕುವುದು. ನಮ್ಮ ಮಣ್ಣಿನ ಕುಸ್ತಿಗಾದರೋ ಅಂಕವಿಲ್ಲ, ಬೆನ್ನು ನೆಲಕ್ಕೆ ತಾಗಿ ಚಿತ್ ಆಗುವವರೆಗೆ ಮುಕ್ತಾಯವೂ ಇಲ್ಲ. ಇಬ್ಬರು ಸಮಬಲರು ಒಬ್ಬರ ಕುತ್ತಿಗೆಯನ್ನೊಬ್ಬರು ಹಿಡಿದು, ಹಣೆಗೆ ಹಣೆ ಒತ್ತಿ, ಹೆಜ್ಜೆಯನ್ನು ಮಾತ್ರ ಕದಲಿಸುತ್ತ ಕಾಲು ಗಂಟೆ ನಿಂತರೆಂದರೆ, ಹತ್ತಿರ ಕೂತವನಿಗೆ ಅವರ ಉಸಿರಿನ ಬದಲಾವಣೆಯೂ, ಬೆರಳು ಜಾರದಿರಲೆಂದು ಮಣ್ಣೆತ್ತಿ ಎದುರಾಳಿಯ ಹೆಗಲಿಗೆ ತಿಕ್ಕುವ ಕೈಯೂ, ಯಾರ ಹಿಮ್ಮಡಿ ಮೊದಲು ಹಗುರಾಯಿತೆಂಬುದೂ ಕಾಣುತ್ತದೆ. ಪರದೆಯಲ್ಲಿ ನೋಡುವವನಿಗೆ ಏನೂ ನಡೆಯದಂತೆ ತೋರುತ್ತದೆ. ಮೊಬೈಲಿನವನು ಎತ್ತಿ ಒಗೆದ ಕ್ಷಣವನ್ನೇ ಕತ್ತರಿಸಿ ಮತ್ತೆ ಮತ್ತೆ ತೋರಿಸುವುದು ಅದಕ್ಕೋಸ್ಕರ. ಈ ಒತ್ತಡವು ಕಣಕ್ಕೂ ಇಳಿದು, ಪೈಲ್ವಾನರು ಕ್ಯಾಮೆರಕ್ಕಾಗಿ ಆಡತೊಡಗಿದರೆ, ಅಮೆರಿಕದಲ್ಲಿ ನಡೆದುದು ಇಲ್ಲಿಯೂ ನಡೆಯಲಾರದೆಂದು ಹೇಳಲು ನನಗೆ ಧೈರ್ಯವಿಲ್ಲ.

ಇನ್ನು ಹಣದ ಮಾತು. ಸಾವಿರ ಚಂದಾದಾರರೂ ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆಯೂ ಕೂಡಿಬಂದ ಖಾತೆಗೆ ಯೂಟ್ಯೂಬ್ ಜಾಹೀರಾತಿನ ಆದಾಯದಲ್ಲಿ, ದೀರ್ಘ ವಿಡಿಯೊಗಳ ಮಟ್ಟಿಗೆ, ನೂರಕ್ಕೆ 55ರಷ್ಟನ್ನು ಕೊಡುತ್ತದೆ. ಒಂದು ಜಾತ್ರೆಯ ಕುಸ್ತಿಯಿಂದ ಬರುವುದು ದೊಡ್ಡ ಮೊತ್ತವಲ್ಲದಿರಬಹುದು. ಆದರೆ ಅದರಲ್ಲಿ ಮಣ್ಣು ಹದಗೊಳಿಸಿದ ಸಮಿತಿಗೂ, ಹಾಲು-ಬಾದಾಮಿಗಾಗಿ ಮನೆಯ ಹೊಟ್ಟೆಬಟ್ಟೆ ಕಟ್ಟಿ ಮೈ ಬೆಳೆಸಿದ ಪೈಲ್ವಾನನಿಗೂ, ಅವನನ್ನು ತಿದ್ದಿದ ಉಸ್ತಾದನಿಗೂ ಪಾಲಿಲ್ಲ. ಕಾನೂನಿನ ನೆರವೂ ಮಸುಕಾಗಿಯೇ ಇದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 1994ರಲ್ಲಿ ಆದ ತಿದ್ದುಪಡಿಯು ‘ಪ್ರದರ್ಶಕ’ರ ಹಕ್ಕನ್ನು ಮನ್ನಿಸಿ, ನಟ, ಗಾಯಕ, ನರ್ತಕರೊಡನೆ ಕಸರತ್ತಿನವನನ್ನೂ ಹಾವಾಡಿಗನನ್ನೂ ಹೆಸರಿಸಿ, ಪ್ರದರ್ಶನ ನೀಡುವ ಇತರ ಯಾರೇ ಆಗಲಿ ಎಂದು ಕೊನೆಗೊಳ್ಳುತ್ತದೆ. ಅವರ ಒಪ್ಪಿಗೆಯಿಲ್ಲದೆ ದೃಶ್ಯ ಹಿಡಿಯುವಂತೆಯೂ ಇಲ್ಲ, ಪ್ರಸಾರ ಮಾಡುವಂತೆಯೂ ಇಲ್ಲ. ಪೈಲ್ವಾನನ ಹೆಸರು ಅಲ್ಲಿಲ್ಲ. ಬರೆದಿಟ್ಟ ಕುಸ್ತಿಯನ್ನು ಆಡುವವನು ಸುಲಭವಾಗಿ ಪ್ರದರ್ಶಕನಾಗುತ್ತಾನೆ. ನಿಜವಾಗಿ ಹೋರಾಡುವವನು ಕ್ರೀಡಾಳುವೋ ಪ್ರದರ್ಶಕನೋ ಎಂಬುದನ್ನು ವಾದಿಸಬೇಕಾಗುತ್ತದೆ.

ಕಾನೂನು ಸ್ಪಷ್ಟವಾಗುವವರೆಗೆ ಕಾಯಬೇಕಾದುದಿಲ್ಲ, ಕಾದರೆ ನಷ್ಟವೇ. 1705ರಲ್ಲಿ ವಾಗಣಗೇರಿಯ ಕೋಟೆಯ ಮುಂದೆ ಔರಂಗಜೇಬನನ್ನೇ ತಡೆದು ನಿಲ್ಲಿಸಿದ ಬೇಡರ ಪಡೆಯ ದೇಹಬಲದ ಪರಂಪರೆಯುಳ್ಳ ಸುರಪುರಕ್ಕೆ, ತನ್ನ ಹಿಂದಿನ ಪೈಲ್ವಾನರು ಹೇಗೆ ಪಟ್ಟು ಹಾಕುತ್ತಿದ್ದರೆಂಬುದನ್ನು ಮಕ್ಕಳಿಗೆ ತೋರಿಸಲು ಬಾಯಿಮಾತನ್ನು ಬಿಟ್ಟರೆ ಬೇರೆ ಸಾಧನವಿಲ್ಲ. ಇಂದಿನ ದೃಶ್ಯಗಳು ಮಾತ್ರ ಯಾರುಯಾರದೋ ಖಾತೆಗಳಲ್ಲಿ ಚದರಿಹೋಗುತ್ತಿವೆ. ಜಾತ್ರೆಗೆ ಮುಂಚೆ ಅಚ್ಚುಹಾಕಿಸುವ ಕುಸ್ತಿಯ ಕರಪತ್ರದಲ್ಲಿ, ಪಣದ ಮೊತ್ತ, ಕಡಗ ಕೊಡುವವರ ಹೆಸರುಗಳ ಕೆಳಗೆ, ಪ್ರಸಾರದ ಹಕ್ಕು ಸಮಿತಿಯದೆಂದು ಒಂದು ಸಾಲನ್ನು ಸೇರಿಸಬಹುದು. ಮೊಬೈಲಿನ ತರುಣನನ್ನೇ ಕರೆದು, ಸಮಿತಿಯ ಹೆಸರಿನ ಖಾತೆಯಲ್ಲಿ ಇಡೀ ಕುಸ್ತಿಯನ್ನು, ಹಿಡಿದು ನಿಂತ ಆ ಕಾಲು ಗಂಟೆಯನ್ನೂ ಕತ್ತರಿಸದೆ, ಏರಿಸುವಂತೆ ಗೊತ್ತುಮಾಡಿ ಅವನ ದುಡಿಮೆಗೆ ತಕ್ಕ ಪಾಲನ್ನು ನಿಗದಿಪಡಿಸಬಹುದು. ಜೋಡಿ ಕಟ್ಟುವಾಗಲೇ ಪೈಲ್ವಾನರ ಸಹಿ ಪಡೆದು, ಉಳಿದುದನ್ನು ಗರಡಿಗಳಿಗೆ ಹಂಚಬಹುದು. ಅದರಲ್ಲಿಯೂ ಮೊದಲನೆಯ ಖರ್ಚು, ಆ ದಿನ ಕಣದಲ್ಲಿ ಕೈ ಮುರಿದುಕೊಂಡವನ ಚಿಕಿತ್ಸೆಯದಾಗಬೇಕು; ಏಕೆಂದರೆ ಈಗ ಆ ಖರ್ಚನ್ನು ಹೊರುವವರು ಅವನ ಮನೆಯವರು.