ಬಿಲ್ಡ್ ಎಲ್ಲಿ ಕಾಯುತ್ತದೆ?

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಮತ್ತೆ ಮಾರಾಟಕ್ಕೆ ಕೂರುತ್ತವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಪೀಣ್ಯದ ಯಂತ್ರಗಳಿಗೆ ತಂತ್ರಾಂಶ ಬರೆಯುವ ಸಣ್ಣ ತಂಡಗಳು ಅವನ್ನು ಕೊಳ್ಳುತ್ತಾರೆ. ದೊಡ್ಡ ಪ್ರಾಜೆಕ್ಟಿಗೆ ಕೈಹಾಕಿದ ಮೇಲೆ ಬಿಲ್ಡ್, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಮಾಗಿ ಕಟ್ಟುವ ಕೆಲಸ, ಮುಗಿಯುವುದೇ ಇಲ್ಲ ಎಂಬ ಗೋಳು ಶುರುವಾಗುತ್ತದೆ. ಯಂತ್ರದ ವಯಸ್ಸನ್ನು ದೂರುವ ಮೊದಲು ಅದರೊಳಗೆ ಏನು ನಡೆಯುತ್ತಿದೆ ಎಂದು ನೋಡಬೇಕು.

ಬಿಲ್ಡ್‌ನಲ್ಲಿ ಮುಖ್ಯವಾಗಿ ಎರಡು ಹಂತ. ನಾವು ಬರೆದ ಒಂದೊಂದು ಫೈಲನ್ನೂ ಕಂಪೈಲರ್ ಯಂತ್ರಭಾಷೆಗೆ ತಿರುಗಿಸುತ್ತದೆ. ಆಮೇಲೆ ಲಿಂಕರ್ ಆ ತುಂಡುಗಳನ್ನೆಲ್ಲ ಜೋಡಿಸುತ್ತದೆ. ಈ ಹಾದಿಯಲ್ಲಿ ಸಾವಿರಾರು ಸಣ್ಣ ಫೈಲುಗಳು ತೆರೆದು ಮುಚ್ಚುತ್ತವೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕ್‌ಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಬೇಕಾದ ಜಾಗ ಡಿಸ್ಕನ್ನು ಓದುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ ಅತ್ತಿತ್ತ ಸರಿಯುವ ಹೊತ್ತು ಬೇರೆ. ಅಷ್ಟು ಹೊತ್ತೂ ಪ್ರೊಸೆಸರ್ ಕೈಕಟ್ಟಿ ಕೂತಿರುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಳೆ ಯಂತ್ರಕ್ಕೆ ಮೊದಲು ಹಾಕಿಸಬೇಕಾದದ್ದು ಅದನ್ನೇ.

ಇನ್ನೊಂದು ಬಿಕ್ಕಟ್ಟು ರ‍್ಯಾಮ್‌ನದು. ಬೇಗ ಮುಗಿಯಲೆಂದು ಏಕಕಾಲಕ್ಕೆ ಎಂಟು ಫೈಲುಗಳನ್ನು ಕಂಪೈಲ್‌ಗೆ ಬಿಡುತ್ತೇವೆ. ಭಾರವಾದ ಒಂದು ಸಿ++ ಫೈಲೇ ಒಂದು ಜಿಬಿ ನುಂಗಬಲ್ಲದು. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ ಹಿಡಿಸದ ಭಾಗ ಡಿಸ್ಕಿಗೆ ಹೋಗಿ ಬಂದು ಮಾಡತೊಡಗುತ್ತದೆ, ಬಿಲ್ಡ್‌ನ ವೇಗ ಕುಸಿಯುತ್ತದೆ. ಅಲ್ಲಿ ಎಂಟರ ಬದಲು ಎರಡನ್ನೇ ಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಬೆಂಗಳೂರಿನ ದೂಳನ್ನೂ ಮರೆಯಬಾರದು: ಫ್ಯಾನ್ ಕಟ್ಟಿಕೊಂಡರೆ ಪ್ರೊಸೆಸರ್ ಕಾದು, ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಉಳಿತಾಯ, ಮಾಡಿದ ಕೆಲಸವನ್ನು ಮತ್ತೆ ಮಾಡದಿರುವುದು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ತಪ್ಪಿಲ್ಲದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಒಂದು ಬೆಳಗನ್ನೇ ಕಳೆದರು. ದೋಷ ತಿದ್ದಿಯಾಗಿತ್ತು, ಆ ಫೈಲು ಮಾತ್ರ ಮತ್ತೆ ಕಂಪೈಲ್ ಆಗಿರಲಿಲ್ಲ. ಅವರ ಸಿಟ್ಟು ಕೇಳಿದ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಬರೆದರು. ಫೈಲು ಕೊನೆಗೆ ಬದಲಾದ ಹೊತ್ತನ್ನು ನೋಡಿ, ಬದಲಾದದ್ದನ್ನೂ ಅದನ್ನು ನೆಚ್ಚಿಕೊಂಡದ್ದನ್ನೂ ಮಾತ್ರ ಅದು ಮತ್ತೆ ಕಟ್ಟುತ್ತದೆ. ಈ ಕೆಲಸಕ್ಕೆ 2003ರ ಎಸಿಎಂ ಸಾಫ್ಟ್‌ವೇರ್ ಸಿಸ್ಟಮ್ ಪ್ರಶಸ್ತಿ ಫೆಲ್ಡ್‌ಮನ್‌ಗೆ ಸಂದಿತು.

ಆಂಡ್ರ್ಯೂ ಟ್ರಿಜೆಲ್ ಬರೆದ ‘ಸಿಕ್ಯಾಶ್’ ಇನ್ನೂ ಮುಂದೆ ಹೋಗುತ್ತದೆ. ಅದು ಹೊತ್ತನ್ನು ನಂಬದೆ ಫೈಲಿನ ಒಳಗಿರುವುದನ್ನೇ ಗುರುತಿಟ್ಟುಕೊಳ್ಳುತ್ತದೆ. ಅದೇ ಕೋಡ್, ಅದೇ ಆಯ್ಕೆಗಳು, ಅದೇ ಕಂಪೈಲರ್ ಮತ್ತೆ ಬಂದರೆ ಹಳೆಯ ಫಲಿತಾಂಶವನ್ನೇ ತೆಗೆದುಕೊಡುತ್ತದೆ. ಮೊದಲ ಬಿಲ್ಡ್ ತುಸು ತಡವಾದರೂ ಎಲ್ಲವನ್ನೂ ಅಳಿಸಿ ಮತ್ತೆ ಕಟ್ಟುವಾಗ ಅದರ ಬೆಲೆ ತಿಳಿಯುತ್ತದೆ. ಲ್ಯಾಬಿನಲ್ಲಿ ಹಳೆ ಕಂಪ್ಯೂಟರ್‌ಗಳು ಹಲವಿದ್ದರೆ ಮಾರ್ಟಿನ್ ಪೂಲ್ ಅವರ ‘ಡಿಸ್ಟ್‌ಸಿಸಿ’ ಫೈಲುಗಳನ್ನು ನೆಟ್‌ವರ್ಕಿನ ಮೂಲಕ ಅವುಗಳಿಗೆ ಹಂಚಿ ಕಂಪೈಲ್ ಮಾಡಿಸುತ್ತದೆ. ಕೊನೆಯ ಜೋಡಣೆ ಮಾತ್ರ ಒಂದೇ ಯಂತ್ರದಲ್ಲಿ ಆಗಬೇಕು. ಹಂಚಲಾಗದ ಭಾಗವೇ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದರು. ಆದ್ದರಿಂದ ‘ಮೋಲ್ಡ್’, ‘ಎಲ್‌ಎಲ್‌ಡಿ’ಯಂಥ ವೇಗದ ಲಿಂಕರ್‌ಗಳಿಗೆ ಬೆಲೆ.

ಲ್ಯಾಪ್‌ಟಾಪ್ ತನ್ನ ಆಯುಷ್ಯದಲ್ಲಿ ಹೊರಿಸುವ ಇಂಗಾಲದ ಹೊರೆಯ ಬಹುಪಾಲು ಅದರ ತಯಾರಿಕೆಯಲ್ಲೇ ಉಂಟಾಗಿರುತ್ತದೆ. ಹಾಗಾಗಿ ಹಳೆಯದನ್ನು ಇನ್ನೆರಡು ವರ್ಷ ದುಡಿಸುವುದು ಜೇಬಿಗೂ ನೆಲಕ್ಕೂ ಒಳ್ಳೆಯದು. ಮುಂದಿನ ಬಿಲ್ಡ್ ಓಡುವಾಗ ಸಿಸ್ಟಮ್ ಮಾನಿಟರ್ ತೆರೆದಿಡಿ. ಡಿಸ್ಕ್ ದಣಿದಿದೆಯೋ, ರ‍್ಯಾಮ್ ತುಂಬಿದೆಯೋ, ಪ್ರೊಸೆಸರ್ ಏದುಸಿರು ಬಿಡುತ್ತಿದೆಯೋ ಅಲ್ಲೇ ಕಾಣುತ್ತದೆ. ಯಾವುದು ಅಡ್ಡಿಯೋ ಅದಕ್ಕಷ್ಟೇ ದುಡ್ಡು ಹಾಕಿ.