ಗ್ಯಾರೇಜ್‌ನಲ್ಲಿ ಗ್ಯಾಸ್ ಕುಲುಮೆ: ಬಾಗಿಲು ತೆರೆದಿಟ್ಟರಷ್ಟೇ ಸಾಕೇ? ಗಾಳಿಯಾಟದ ಲೆಕ್ಕ ಇಲ್ಲಿದೆ

ಮನೆಯಲ್ಲೇ ಚಾಕು, ಉಳಿ, ಕೊಡಲಿ ತಯಾರಿಸುವುದು ಅಮೆರಿಕದಲ್ಲಿ ಅನೇಕರ ಹವ್ಯಾಸ. 2015ರಲ್ಲಿ ಆರಂಭವಾದ 'ಫೋರ್ಜ್ಡ್ ಇನ್ ಫೈರ್' ಟಿವಿ ಸ್ಪರ್ಧೆ ಇದನ್ನು ಮನೆಮನೆಗೆ ಪರಿಚಯಿಸಿತು. ಇದ್ದಿಲಿನ ಬದಲು ಪ್ರೊಪೇನ್ ಉರಿಸುವ ಪುಟ್ಟ ಕುಲುಮೆ ಗ್ಯಾರೇಜ್‌ನ ಮೂಲೆಯಲ್ಲೂ ಹಿಡಿಸುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ. ಹಾಗಾಗಿ ಅಪಾಯವೂ ಇಲ್ಲ ಎಂದುಕೊಂಡರೆ ಎಡವಟ್ಟು ಖಚಿತ.

ಕಾಣದ ವಿಷ ಬರುವುದೆಲ್ಲಿಂದ?

1 ಕೆ.ಜಿ. ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಕಾದ ಉಕ್ಕಿನ ಮೇಲೆ ಕಿಟ್ಟ ಕಟ್ಟಬಾರದೆಂದು ಕುಲುಮೆಯಲ್ಲಿ ಬೇಕೆಂದೇ ಗ್ಯಾಸ್ ಹೆಚ್ಚು, ಗಾಳಿ ಕಡಿಮೆ ಇಡುವುದು ವಾಡಿಕೆ. ಅಂದರೆ ಸರಿಯಾಗಿ ಕೆಲಸ ಮಾಡುತ್ತಿರುವ ಕುಲುಮೆಯೂ ಈ ವಿಷವನ್ನು ಉಗುಳುತ್ತದೆ.

ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಕಿಟಕಿ ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರ್‌ಗಳು ಜೀವ ತೆಗೆಯುವುದೂ ಹೀಗೆಯೇ.

ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ

ಕುಲುಮೆಯ ಬಿಸಿ ಅನಿಲಗಳು ಮೊದಲು ಮೇಲೇರಿ, ಸೂರಿನಡಿ ತುಂಬಿ, ಮೆಲ್ಲನೆ ಕೆಳಗಿಳಿಯುತ್ತವೆ. ಸೋರಿದ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರವಾಗಿರುವುದರಿಂದ ನೆಲದಲ್ಲೇ ಹರಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 2ರ ಆಸುಪಾಸು ತಲುಪಿದರೆ ಒಂದು ಕಿಡಿ ಸಾಕು. ಆದ್ದರಿಂದ ಒಂದೇ ಬಾಗಿಲು ತೆರೆದರೆ ಸಾಲದು. ಕೆಳಗೂ ದಾರಿ ಬೇಕು, ಮೇಲೂ ದಾರಿ ಬೇಕು.

ಏನು ಮಾಡಬೇಕು?

* ಗ್ಯಾರೇಜ್‌ನ ದೊಡ್ಡ ಬಾಗಿಲನ್ನು ಪೂರ್ತಿ ತೆರೆದು, ಅದರ ಸಮೀಪವೇ ಕುಲುಮೆ ಇಡಿ. ಎದುರು ಬದಿಯ ಕಿಟಕಿಯೂ ತೆರೆದಿರಲಿ.
* ಕುಲುಮೆಯ ಮೇಲೆ ಲೋಹದ ಚಿಮಣಿ ಹೊದಿಸಿ, ಹೊಗೆಕೊಳವೆಯನ್ನು ಸೂರಿನಾಚೆ ಒಯ್ಯಿರಿ.
* ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಹೊಸ ಗಾಳಿ ಒಳಬರುವ ದಾರಿಯೂ ಇರಬೇಕು. ಫ್ಯಾನ್ ಗಾಳಿ ನೇರ ಕುಲುಮೆಯ ಬಾಯಿಗೆ ಬಡಿಯದಿರಲಿ.
* ಸಿಲಿಂಡರ್ ಹೊರಗೆ, ನೆಟ್ಟಗೆ ನಿಲ್ಲಿಸಿ. ಪ್ರತಿ ಬಾರಿಯೂ ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಸೋರಿಕೆ ನೋಡಿ.
* ಮನೆಯೊಳಗೆ ಹೋಗುವ ಬಾಗಿಲು ಮುಚ್ಚಿರಲಿ.
* ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಈ ಕೆಲಸ ಬೇಡವೇ ಬೇಡ. ನಮ್ಮ ಎಲ್‌ಪಿಜಿ ಕೂಡ ಗಾಳಿಗಿಂತ ಭಾರ. ಸೋರಿದರೆ ಅಲ್ಲೇ ಮಡುಗಟ್ಟುತ್ತದೆ.

ಅಲಾರಂ ಕೂಗಲಿಲ್ಲ ಎಂದರೆ?

ಅಮೆರಿಕದ ಮಾನದಂಡದ ಮನೆಬಳಕೆಯ ಅಲಾರಂ 70 ಪಿಪಿಎಂ ಮಟ್ಟದಲ್ಲಿ ಕೂಗಲು 1ರಿಂದ 4 ಗಂಟೆ ಹಿಡಿಯಬಹುದು. 400 ಪಿಪಿಎಂ ಇದ್ದರೆ 4ರಿಂದ 15 ನಿಮಿಷ. ಹೀಗಾಗಿ ಅಲಾರಂ ಜತೆಗೆ, ಕಡಿಮೆ ಪ್ರಮಾಣವನ್ನೂ ಅಂಕಿಯಲ್ಲಿ ತೋರಿಸುವ ಮೀಟರ್ ಉಸಿರಾಟದ ಎತ್ತರದಲ್ಲಿರಲಿ. ಎನ್‌95 ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ.

ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಸೆಕೆ ಅಥವಾ ದಣಿವು ಎಂದು ತಳ್ಳಿಹಾಕಬೇಡಿ. ತಕ್ಷಣ ಹೊರಬನ್ನಿ, ಆಸ್ಪತ್ರೆಗೆ ಹೋಗಿ, ಗ್ಯಾಸ್ ಕುಲುಮೆಯ ಬಳಿ ಇದ್ದುದನ್ನು ವೈದ್ಯರಿಗೆ ತಿಳಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಿ ಕೂರಬೇಡಿ. ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತವೆಂದೇ ಭಾವಿಸಿ 98 ಎಂದು ತೋರಿಸಬಹುದು.