ಕಪ್ಪುಹಲಗೆ ಕಾಣದ ಮಕ್ಕಳು: ಸಂಸೆಯಂತಹ ಊರಿನ ಖರ್ಚಿನ ಲೆಕ್ಕ

ಕಪ್ಪುಹಲಗೆಯ ಅಕ್ಷರ ಕಾಣದ ಮಗು ತನಗೆ ಕಾಣುತ್ತಿಲ್ಲವೆಂದು ಹೇಳುವುದು ಅಪರೂಪ. ಎಳವೆಯಿಂದಲೂ ಲೋಕವನ್ನು ಮಸುಕಾಗಿಯೇ ಕಂಡ ಮಗುವಿಗೆ ಎಲ್ಲರಿಗೂ ಹೀಗೆಯೇ ಕಾಣುತ್ತದೆಂಬ ನಂಬಿಕೆ. ಹೀಗಾಗಿ ಕಣ್ಣಿನ ದೋಷ ಬುದ್ಧಿಯ ಖಾತೆಗೆ ಜಮೆಯಾಗಿ, ಮಗುವಿಗೆ ದಡ್ಡನೆಂಬ ಹೆಸರು ಬರುತ್ತದೆ.

ಶಾಲಾಮಕ್ಕಳಲ್ಲಿ ಸಾಮಾನ್ಯವಾಗಿರುವ ಸಮೀಪದೃಷ್ಟಿ, ದೂರದೃಷ್ಟಿ ಮತ್ತು ಅಸಮದೃಷ್ಟಿಗಳು ಕನ್ನಡಕದಿಂದ ಸರಿಹೋಗುವಂತಹವು. ಹೆಚ್ಚು ಎಚ್ಚರ ಬೇಕಾದುದು ‘ಸೋಮಾರಿ ಕಣ್ಣಿ’ನ ವಿಷಯದಲ್ಲಿ. ಒಂದು ಕಣ್ಣು ದುರ್ಬಲವಾದಾಗ ಮಿದುಳು ಅದನ್ನು ಕೈಬಿಟ್ಟು ಇನ್ನೊಂದನ್ನೇ ನೆಚ್ಚುತ್ತದೆ. ಮಗು ಎಂದಿನಂತೆ ಓಡಾಡುವುದರಿಂದ ಯಾರಿಗೂ ಸಂಶಯ ಬಾರದು. ಏಳೆಂಟು ವರ್ಷದೊಳಗೆ ಪತ್ತೆಯಾದರೆ ಕನ್ನಡಕದಿಂದಲೂ, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲಹೊತ್ತು ಮುಚ್ಚಿಡುವುದರಿಂದಲೂ ಉತ್ತಮ ಫಲ ದೊರೆಯುತ್ತದೆ. ತಡವಾದಷ್ಟೂ ಫಲ ಕಡಿಮೆ.

ತಂದೆತಾಯಿಯರಲ್ಲಿ ದೃಷ್ಟಿದೋಷ, ಅವಧಿಗೆ ಮುನ್ನ ಜನನ, ಮೆಳ್ಳೆಗಣ್ಣು, ಇರುಳುಗುರುಡಿಗೆ ಕಾರಣವಾಗುವ ‘ಎ’ ಜೀವಸತ್ವದ ಕೊರತೆ ಇವು ಅಪಾಯದ ಸೂಚನೆಗಳು. ಸಮೀಪದೃಷ್ಟಿಗೆ ಇನ್ನೊಂದು ಕಾರಣವೂ ಇದೆ: ಬಯಲಿನ ಬೆಳಕಿನಲ್ಲಿ ಮಕ್ಕಳು ಕಳೆಯುವ ಹೊತ್ತು ಕಡಿಮೆಯಾಗಿರುವುದು. ತೈವಾನ್ ದೇಶವು 2010ರಿಂದ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗಿರಿಸುವ ಕಾರ್ಯಕ್ರಮ ನಡೆಸಿದೆ. ಮಲೆನಾಡಿನಲ್ಲಿ ಬಯಲಿಗೆ ಕೊರತೆಯಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮಕ್ಕಳನ್ನು ಮನೆಯೊಳಗೇ ಕೂಡಿಹಾಕುತ್ತದೆ. ಒಳಗೆ ಈಗ ಮೊಬೈಲೂ ಇದೆ.

ತಪಾಸಣೆಯ ವ್ಯವಸ್ಥೆ ಹೊಸದೇನಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಆರಂಭವಾಯಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳ ಕಣ್ಣನ್ನೂ ನೋಡುತ್ತವೆ. ರಾಜ್ಯದ ‘ಆಶಾಕಿರಣ’ ಯೋಜನೆಗೆ 2024ರ ಫೆಬ್ರವರಿಯಲ್ಲಿ ಹಾವೇರಿಯಲ್ಲಿ ಚಾಲನೆ ದೊರೆಯಿತು. ಪ್ರಾಥಮಿಕ ಪರೀಕ್ಷೆಗೆ ಬೇಕಾದುದು ಅಕ್ಷರಪಟ, ಆರು ಮೀಟರ್ ಅಂತರ ಮತ್ತು ತರಬೇತಿ ಪಡೆದ ಒಬ್ಬ ಶಿಕ್ಷಕ, ಅಷ್ಟೆ. ಒಂದೊಂದೇ ಕಣ್ಣು ಮುಚ್ಚಿ ನೋಡಬೇಕೆಂಬುದನ್ನು ಮಾತ್ರ ಮರೆಯುವಂತಿಲ್ಲ.

ತೊಡಕಿರುವುದು ಅನಂತರದ ಹಂತದಲ್ಲಿ. ಕಳಸದಿಂದ ಕುದುರೆಮುಖಕ್ಕೆ ಹೋಗುವ ಹಾದಿಯಲ್ಲಿರುವ ಸಂಸೆ, ಚಹಾ ಮತ್ತು ಕಾಫಿ ತೋಟಗಳ ಊರು. ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರು ಸುಮಾರು ನೂರು ಕಿಲೋಮೀಟರ್ ದೂರ. ಲೈನ್ ಮನೆಯ ಮಗುವನ್ನು ಅಲ್ಲಿಯ ತಜ್ಞರಿಗೆ ತೋರಿಸಬೇಕಾದರೆ ಪರೀಕ್ಷೆಗೆ ಒಂದು ದಿನ, ಕನ್ನಡಕ ತರಲು ಮತ್ತೊಂದು ದಿನ. ಎರಡು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಹೋಟೆಲಿನ ಊಟ, ಇವನ್ನು ಕೂಡಿದರೆ ಸಾಧಾರಣ ಕನ್ನಡಕದ ಬೆಲೆಯನ್ನು ಮೀರುವುದು ಕಷ್ಟವಲ್ಲ. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷದ ಕನ್ನಡಕಗಳ ಜಿಎಸ್‌ಟಿ ಶೇ. 5ಕ್ಕೆ ಇಳಿದಿರುವುದು ಸ್ವಾಗತಾರ್ಹವೇ. ಆದರೆ ಈ ಕುಟುಂಬದ ಮಟ್ಟಿಗೆ ತೆರಿಗೆ ಇಳಿದದ್ದು ಸಣ್ಣ ಬಾಬ್ತಿನ ಮೇಲೆ.

ದೃಷ್ಟಿಗೆ ಮಾಡಿದ ವೆಚ್ಚ ಮರಳಿ ಬರುತ್ತದೆಯೇ ಎಂಬುದು ವರ್ತಕರ ಸಹಜ ಪ್ರಶ್ನೆ. ಅಸ್ಸಾಮಿನಲ್ಲಿ ನಲವತ್ತು ದಾಟಿದ ಚಹಾ ಕೊಯ್ಲುಗಾರರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟಾಗ, ಕೊಡದವರಿಗಿಂತ ಅವರ ಉತ್ಪಾದಕತೆ ಶೇ. 21ರಷ್ಟು ಹೆಚ್ಚಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಮಕ್ಕಳ ಲಾಭವನ್ನು ಸೊಪ್ಪಿನ ತಕ್ಕಡಿಯಲ್ಲಿ ತೂಗಲಾಗದು. ಆದರೂ ಚೀನಾದ ಗ್ರಾಮೀಣ ಶಾಲೆಗಳಲ್ಲಿ ಉಚಿತ ಕನ್ನಡಕ ಪಡೆದ ಮಕ್ಕಳ ಗಣಿತದ ಅಂಕಗಳು ಏರಿದ್ದು 2014ರಲ್ಲಿ ವರದಿಯಾಗಿದೆ. ಕೊಟ್ಟ ಕನ್ನಡಕವನ್ನು ಅನೇಕ ಮಕ್ಕಳು ಧರಿಸುತ್ತಿರಲಿಲ್ಲವೆಂಬುದೂ ಅಲ್ಲಿಯೇ ಕಂಡುಬಂದ ಸಂಗತಿ.

ಆದುದರಿಂದ ಸ್ಥಳೀಯ ವರ್ತಕರು ಮತ್ತೊಂದು ಶಿಬಿರ ನಡೆಸುವುದಕ್ಕಿಂತ, ತಪಾಸಣೆಯಲ್ಲಿ ಗುರುತಿಸಲಾದ ಮಕ್ಕಳನ್ನು ಒಟ್ಟಿಗೆ ಕರೆದೊಯ್ಯುವ ಜೀಪಿನ ಬಾಡಿಗೆ, ಪೋಷಕರ ಒಂದು ದಿನದ ಕೂಲಿ ಮತ್ತು ಒಡೆದುಹೋದಾಗ ಎರಡನೆಯ ಕನ್ನಡಕ, ಇವಿಷ್ಟನ್ನು ಹೊತ್ತರೆ ಉಪಯೋಗ ಹೆಚ್ಚು. ಮಗು ಬೆಳೆದಂತೆ ಪವರ್ ಬದಲಾಗುವುದರಿಂದ ಇದು ವರ್ಷವರ್ಷವೂ ಬರುವ ವೆಚ್ಚ. ತೆರಿಗೆ ರಿಯಾಯಿತಿ ಬಯಸುವವರು ಗಮನಿಸಬೇಕಾದ ಅಂಶವೊಂದಿದೆ: ವಸ್ತುರೂಪದ ದಾನಕ್ಕೆ ಕಡಿತ ದೊರೆಯದು, ನಗದಾಗಿ ಕೊಟ್ಟ 2,000 ರೂಪಾಯಿ ಮೀರಿದ ದಾನಕ್ಕೂ ದೊರೆಯದು. ಹಳೆಯ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳು ಅನುಮೋದಿತ ಸಂಸ್ಥೆಗೆ ಚೆಕ್ ಮೂಲಕ ಹಣ ನೀಡಿ ರಸೀದಿ ಪಡೆಯುವುದು ಕ್ಷೇಮ.